ಬರಲಿರುವ ಎಲೆಕ್ಟ್ರಿಕ್ ಎಂ3: ಸ್ಟಿಕರ್ ಬೆಲೆ ಎಷ್ಟಕ್ಕೆ ನಿಲ್ಲಬಹುದು?

ಲೆಕ್ಕದ_ಪುಸ್ತಕ
ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಿದ್ದೀನಿ ಅಂತ ಬೈಯೋರು ಈಗಲೇ ಬೈದುಬಿಡಿ. ಬಿಎಂಡಬ್ಲ್ಯು ತನ್ನ ನೊಯೆ ಕ್ಲಾಸೆ ಅನ್ನೋ ಹೊಸ ಎಲೆಕ್ಟ್ರಿಕ್ ತಲೆಮಾರಿನಲ್ಲಿ, ಎಂ ಅನ್ನೋ ತನ್ನ ವೇಗದ ಕಾರುಗಳ ಸಾಲಿಗೆ ಪೂರ್ತಿ ಎಲೆಕ್ಟ್ರಿಕ್ ಸೆಡಾನ್ ತರೋದು ಖಚಿತ. ಒಂದೊಂದು ಚಕ್ರಕ್ಕೆ ಒಂದೊಂದು ಮೋಟಾರು, 800 ವೋಲ್ಟ್, 100 ಕಿಲೋವ್ಯಾಟ್-ಅವರ್‌ಗಿಂತ ದೊಡ್ಡ ಬ್ಯಾಟರಿ, ಬರೋದು 2027ರಲ್ಲಿ. ಕಂಪನಿ ಬಾಯಿಬಿಟ್ಟು ಹೇಳಿರೋದು ಇಷ್ಟು. ಬೆಲೆ ಬಗ್ಗೆ ಮಾತ್ರ ತುಟಿ ಬಿಚ್ಚಿಲ್ಲ.

ಹಾಗಾಗಿ ನಾವೇ ಹೇಳೋಣ. ಎರಡೇ ಷರತ್ತು. ಒಂದು, ಎಲ್ಲರೂ ಅಮೆರಿಕದ ಡಾಲರ್‌ನಲ್ಲಿ, ತೆರಿಗೆ ಸೇರಿಸದ ಸ್ಟಿಕರ್ ಬೆಲೆಯಲ್ಲೇ (ಕಂಪನಿ ಕಾರಿಗೆ ಅಂಟಿಸೋ ಪಟ್ಟಿ ಬೆಲೆ) ಮಾತಾಡಬೇಕು. ಮೂವತ್ತು ವರ್ಷದ ಎಂ3 ಬೆಲೆಗಳನ್ನು ಒಂದೇ ಅಳತೆಯಲ್ಲಿ ಹಿಡಿಯೋಕೆ ಅದೇ ಸುಲಭ. ಎರಡು, ಅಂಕಿ ಹೇಳಿದರೆ ಕಾರಣ ಕೂಡ ಹೇಳಬೇಕು. "ನನಗೆ ಹಾಗನ್ನಿಸುತ್ತೆ" ನಡೆಯಲ್ಲ.

ಟಾರ್ಕ್_ತಮ್ಮಯ್ಯ
1,20,000. ಕಾರಣ: ನಾಲ್ಕು ಮೋಟಾರು. ನಾಲ್ಕು ಮೋಟಾರು ಅಂದಮೇಲೆ ಎಂಟುನೂರಕ್ಕೆ ಕಮ್ಮಿ ಎಚ್‌ಪಿ ಇರಲ್ಲ. ಈಗಿನ ಜಿ80 ಎಂ3 (ಜಿ80, ಇ36 ಇವೆಲ್ಲ ಕಂಪನಿ ಒಂದೊಂದು ತಲೆಮಾರಿಗೆ ಇಟ್ಟ ಗುರುತು) ಬಂದಾಗ 473 ಎಚ್‌ಪಿಗೆ 69,900 ಇತ್ತು. ಒಂದು ಎಚ್‌ಪಿಗೆ 148 ಡಾಲರ್ ಬಿತ್ತು. 800ರಿಂದ ಗುಣಿಸಿ ನೋಡಿ, 1,18,000 ಚಿಲ್ಲರೆ. ಮುಗೀತು, ಬೀಗ ಹಾಕಿ.

ಎರಡನೇ_ಗೇರು
ಬೀಗ ಹಾಕೋದಿರಲಿ, ಬಾಗಿಲೇ ತಪ್ಪಿದ್ದೀಯ ಗುರು 😀

ಲೆಕ್ಕದ_ಪುಸ್ತಕ
ತಮ್ಮಯ್ಯನವರೇ, ಇದೇ ಗುಣಾಕಾರವನ್ನು ಬೇರೆ ಕಾರುಗಳ ಮೇಲೆ ಮಾಡಿ ನೋಡೋಣ. ಎಲ್ಲ ಬಿಡುಗಡೆಯ ಹೊತ್ತಿನ ಬೆಲೆ.

ಟೆಸ್ಲಾ ಮಾಡೆಲ್ 3 ಪರ್ಫಾರ್ಮೆನ್ಸ್, 2024: 510 ಎಚ್‌ಪಿ, 52,990. ಎಚ್‌ಪಿಗೆ 104 ಡಾಲರ್.
ಹ್ಯುಂಡೈ ಐಯಾನಿಕ್ 5 ಎನ್: 601 ಎಚ್‌ಪಿ, 66,100. ಎಚ್‌ಪಿಗೆ 110.
ಬಿಎಂಡಬ್ಲ್ಯುವಿನದೇ ಐ4 ಎಂ50: 536 ಎಚ್‌ಪಿ, 65,900. ಎಚ್‌ಪಿಗೆ 123.
ಹೊಸ ಎಂ5: 717 ಎಚ್‌ಪಿ, 1,19,500. ಎಚ್‌ಪಿಗೆ 167.
ಲೂಸಿಡ್ ಏರ್ ಸಫಾಯರ್: 1,234 ಎಚ್‌ಪಿ, 2,49,000. ಎಚ್‌ಪಿಗೆ 202.

104ರಿಂದ 202ರ ತನಕ ಓಡಾಡೋ ಅಳತೆಗೋಲು ಹಿಡಿದು ಏನು ಅಳೀತೀರಿ? ಪೆಟ್ರೋಲ್ ಎಂಜಿನ್‌ನಲ್ಲಿ ನೂರು ಎಚ್‌ಪಿ ಹೆಚ್ಚಿಸಬೇಕಂದ್ರೆ ಟರ್ಬೊ, ಕೂಲಿಂಗ್, ಗೇರ್‌ಬಾಕ್ಸ್, ಎಲ್ಲಾ ಬದಲಾಗಬೇಕು. ಅದಕ್ಕೇ ಅಲ್ಲಿ ಎಚ್‌ಪಿಗೂ ದುಡ್ಡಿಗೂ ನೆಂಟಸ್ತಿಕೆ ಇತ್ತು. ಎಲೆಕ್ಟ್ರಿಕ್‌ನಲ್ಲಿ ಎಚ್‌ಪಿಯೇ ಎಲ್ಲಕ್ಕಿಂತ ಅಗ್ಗದ ಸರಕು. ದುಬಾರಿ ಬೀಳೋದು ಆ ಶಕ್ತಿಯನ್ನು ರೇಸ್ ಟ್ರ್ಯಾಕಿನ ಹತ್ತು ಸುತ್ತು ಬಿಸಿಯಾಗದೆ ಕೊಡೋದು.

ಆರು_ಸಿಲಿಂಡರ್
ನಾನು ಎಲೆಕ್ಟ್ರಿಕ್ ಎಂ3 ಕೊಳ್ಳೋನಲ್ಲ, ಮೊದಲೇ ಹೇಳಿಬಿಡ್ತೀನಿ. ಆದರೂ ಒಂದು ಹಳೇ ಕತೆ ಇಲ್ಲಿಗೆ ಹೊಂದುತ್ತೆ. ತೊಂಬತ್ತರ ದಶಕದ ಇ36 ಎಂ3ಗೆ ಯುರೋಪಿನಲ್ಲಿ 286 ಎಚ್‌ಪಿ ಎಂಜಿನ್ ಇತ್ತು. ಅಮೆರಿಕಕ್ಕೆ ಅದನ್ನು ಕಳಿಸಲೇ ಇಲ್ಲ. ಮಾಮೂಲಿ 3 ಸೀರೀಸ್ ಎಂಜಿನ್ನಿಗೆ ಹತ್ತಿರದ, 240 ಎಚ್‌ಪಿಯ ಸರಳ ಎಂಜಿನ್ ಹಾಕಿ 36,000 ಡಾಲರ್ ಒಳಗೆ ತಂದು ಇಟ್ಟರು. ಮೊದಲು ಬೆಲೆ ಗೊತ್ತು ಮಾಡಿ, ಆಮೇಲೆ ಅದಕ್ಕೆ ತಕ್ಕ ಕಾರು ಕಟ್ಟಿದ್ದು. ನೀವೆಲ್ಲ ಬಿಡಿಭಾಗದಿಂದ ಬೆಲೆಗೆ ಹತ್ತುತ್ತಿದ್ದೀರಿ, ಕಂಪನಿ ಬೆಲೆಯಿಂದ ಬಿಡಿಭಾಗಕ್ಕೆ ಇಳಿಯುತ್ತೆ.

ಹಳೇ_ಸ್ಟಿಕರ್
ಆರು_ಸಿಲಿಂಡರ್ ಸರ್ ಹೇಳಿದ್ದು ಇಡೀ ಚರ್ಚೆಯ ಗಂಟು. ನನಗೆ ಹಳೇ ಬೆಲೆಪಟ್ಟಿ ಕೂಡಿಡೋ ಚಟ, ಹಾಗಾಗಿ ಇದನ್ನು ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಎಂ3 ಪ್ರತಿ ತಲೆಮಾರಿಗೂ "ಅಯ್ಯೋ ದುಬಾರಿ ಆಯ್ತು" ಅನ್ನೋ ಗೋಳು ಏಳುತ್ತೆ. ಪಟ್ಟಿಯ ಅಂಕಿ ನೋಡಿದರೆ ನಿಜವೇ. 1994ರಲ್ಲಿ ಇ36ಗೆ 35,800. ಇ46 ಬಂದಾಗ 45,400 (ಅದಕ್ಕೆ ನಾಲ್ಕು ಬಾಗಿಲು ಬರಲೇ ಇಲ್ಲ, ಆ ಜಗಳ ಬೇರೆ). 2008ರಲ್ಲಿ ವಿ8 ಹಾಕಿದ ಇ90 ಸೆಡಾನ್ 54,000ದ ಸುತ್ತ. 2014ರಲ್ಲಿ ಎಫ್80ಗೆ 62,000. 2021ರಲ್ಲಿ ಜಿ80ಗೆ 69,900. ಇಪ್ಪತ್ತೇಳು ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು.

ಈಗ ಇವೆಲ್ಲವನ್ನೂ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಹಿಡಿದು 2025ರ ಡಾಲರ್‌ಗೆ ತನ್ನಿ. ಇ36 ಸುಮಾರು 78,000. ಇ46 ಸುಮಾರು 82,000. ಇ90 80,000ದ ಮೇಲೆ ಸ್ವಲ್ಪ. ಎಫ್80 84,000. ಜಿ80 83,000. ನೋಡಿದ್ರಾ? ಎಚ್‌ಪಿ 240ರಿಂದ 473ಕ್ಕೆ ಏರಿತು. ಆರು ಸಿಲಿಂಡರ್ ಎಂಟಾಯ್ತು, ಮತ್ತೆ ಆರಾಯ್ತು, ಟರ್ಬೊ ಬಂತು. ಬೆಲೆ ಮಾತ್ರ 78ರಿಂದ 84 ಸಾವಿರದ ನಡುವೆ ಕೂತಲ್ಲೇ ಕೂತಿದೆ. ಒಳಗೆ ಯಾವ ಯಂತ್ರ ಇದ್ದರೂ ಎಂ3 ಅನ್ನೋ ಜಾಗಕ್ಕೆ ಇಷ್ಟು ಬಾಡಿಗೆ ಅಂತ ಯಾರೋ ಗೊತ್ತು ಮಾಡಿದ ಹಾಗಿದೆ.

ಹಾಗಂತ ಎಲೆಕ್ಟ್ರಿಕ್ ಎಂ3 83,000 ಅಂತ ನಾನು ಹೇಳ್ತಿಲ್ಲ. ಈ 69,900 ಅನ್ನೋದು ಮ್ಯಾನುಯಲ್ ಗೇರ್, ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗೋ ಕಾರಿನದು. ನಾಲ್ಕು ಮೋಟಾರಿನ ಕಾರನ್ನು ಅದರ ಪಕ್ಕ ಇಡೋದು ನ್ಯಾಯ ಅಲ್ಲ. ಅದನ್ನು ಹೋಲಿಸಬೇಕಾದ್ದು ನಾಲ್ಕೂ ಚಕ್ರ ಎಳೆಯೋ ಕಾಂಪಿಟಿಷನ್ ಎಕ್ಸ್‌ಡ್ರೈವ್ ಆವೃತ್ತಿ ಜೊತೆ. ಅದು ಬಂದಾಗ 76,900. 2025ರ ಡಾಲರ್‌ನಲ್ಲಿ 91,000 ಚಿಲ್ಲರೆ. ನನ್ನ ಲೆಕ್ಕ ಅಲ್ಲಿಂದ ಶುರು.

ಟಾರ್ಕ್_ತಮ್ಮಯ್ಯ
ಹಳೇ_ಸ್ಟಿಕರ್ ಸಾರ್, ಇದು ಎಂ3ದೊಂದೇ ಕತೆಯೋ, ಬೇರೆಯವರೂ ಹೀಗೆಯೋ?

ಹಳೇ_ಸ್ಟಿಕರ್
ಬೇರೆಯವರೂ ಬೆಲೆಯ ಜಾಗ ನೋಡಿಕೊಂಡೇ ಕಾರು ಇಡ್ತಾರೆ. ಕ್ಯಾಡಿಲಾಕ್ ನೋಡಿ. 2016ರ ಸಿಟಿಎಸ್-ವಿ: 640 ಎಚ್‌ಪಿ, ಸಾಗಾಟ ಸೇರಿ 84,990. ಆಮೇಲೆ 2022ರ ಸಿಟಿ5-ವಿ ಬ್ಲ್ಯಾಕ್‌ವಿಂಗ್: 668 ಎಚ್‌ಪಿ, ಸಾಗಾಟ ಸೇರಿ ಅದೇ 84,990. ಡಾಲರ್‌ಗೆ ಡಾಲರ್. ಎಂಜಿನ್ ಅದೇ ಸೂಪರ್‌ಚಾರ್ಜರ್ ಇರೋ 6.2 ಲೀಟರ್ ಎಲ್‌ಟಿ4. ಹಣದುಬ್ಬರ ಸೇರಿಸಿದರೆ ಗ್ರಾಹಕನಿಗೆ ಇಳಿಕೆಯೇ. ಹಾಗಾಗಿ "ಹೊಸದು, ಹೆಚ್ಚು ಶಕ್ತಿ, ಆದ್ದರಿಂದ ಹೆಚ್ಚು ಬೆಲೆ" ಅನ್ನೋದು ತಾನಾಗೇ ಆಗೋ ಕೆಲಸ ಅಲ್ಲ.

ಚಾರ್ಜರ್_ಚಂದ್ರಿ
ನೀವು ಗಂಡಸರು ಇತಿಹಾಸ ಮುಗಿಸಿದ್ದರೆ ನಾನು ಖರ್ಚಿನ ಕಡೆ ಬರ್ತೀನಿ.

ಇಂಧನ ಸಂಶೋಧನಾ ಸಂಸ್ಥೆ ಬ್ಲೂಮ್‌ಬರ್ಗ್‌ಎನ್‌ಇಎಫ್ ಸಮೀಕ್ಷೆ ಪ್ರಕಾರ 2024ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಪ್ಯಾಕ್‌ನ ಜಾಗತಿಕ ಸರಾಸರಿ ಕಿಲೋವ್ಯಾಟ್-ಅವರ್‌ಗೆ 115 ಡಾಲರ್. ಅದು ಚೀನಾದ ಅಗ್ಗದ ಸೆಲ್, ಬಸ್ಸು, ಲಾರಿ ಎಲ್ಲ ಸೇರಿದ ಸರಾಸರಿ. ಜೋರಾಗಿ ಕರೆಂಟ್ ಹೀರೋ ಪರ್ಫಾರ್ಮೆನ್ಸ್ ಪ್ಯಾಕ್ ಅದಕ್ಕಿಂತ ಮೇಲೆ ಅಂತಲೇ ಇಟ್ಟುಕೊಳ್ಳಿ. ಕಿಲೋವ್ಯಾಟ್-ಅವರ್‌ಗೆ 130 ಹಿಡಿದರೂ 110 ಕಿಲೋವ್ಯಾಟ್-ಅವರ್‌ನ ಪ್ಯಾಕ್‌ಗೆ 14,300. ಇನ್ನೊಂದು ಕಡೆ, ಆರನೇ ತಲೆಮಾರಿನ ಪ್ಯಾಕ್ ಹಿಂದಿನದಕ್ಕಿಂತ 40ರಿಂದ 50 ಶೇಕಡಾ ಅಗ್ಗ ಅಂತ ಬಿಎಂಡಬ್ಲ್ಯುವೇ ಹೇಳಿದೆ. ಸಿಲಿಂಡರಿನಾಕಾರದ ಸೆಲ್‌ಗಳನ್ನು ಮಾಡ್ಯೂಲ್ ಇಲ್ಲದೆ ನೇರ ಪ್ಯಾಕ್‌ಗೆ ಕೂರಿಸ್ತಾರೆ, ಆ ಪ್ಯಾಕೇ ಕಾರಿನ ತಳದ ಭಾಗವೂ ಆಗುತ್ತೆ.

ಅಂದರೆ ಬ್ಯಾಟರಿ ಈಗ ಭಯ ಹುಟ್ಟಿಸೋ ಖರ್ಚಲ್ಲ. ನನಗೆ ಅನುಮಾನ ಇರೋದು ನಾಲ್ಕು ಮೋಟಾರಿನ ಮೇಲೆ. ಮೋಟಾರು ತಾಮ್ರ-ಉಕ್ಕು, ಅದೇನು ದೊಡ್ಡದಲ್ಲ. ಆದರೆ ಪ್ರತಿಯೊಂದಕ್ಕೂ ಇನ್ವರ್ಟರ್ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಒಗ್ಗಿಸೋ ಸಾಧನ), ವೇಗ ತಗ್ಗಿಸೋ ಗೇರು, ಕೂಲಿಂಗ್ ಬೇಕು. ಮುಂದಿನ ಆಕ್ಸಲ್ ಬೇಡವಾದಾಗ ಬೇರ್ಪಡೋ ಏರ್ಪಾಡೂ ಇದೆ ಅಂದಿದ್ದಾರೆ. ಮಾಮೂಲಿ ನೊಯೆ ಕ್ಲಾಸೆ ಕಾರುಗಳ ಜೊತೆ ಹಂಚಿಕೊಳ್ಳಲಾಗದ ಭಾಗ ಇದೇ. ಹಂಚಿಕೊಳ್ಳದ ಭಾಗದ ವಿನ್ಯಾಸ ಖರ್ಚನ್ನು ವರ್ಷಕ್ಕೆ ಮಾರೋ ಕೆಲವೇ ಸಾವಿರ ಕಾರುಗಳ ತಲೆ ಮೇಲೆ ಹೊರಿಸಬೇಕು.

ನಾಲ್ಕು ಮೋಟಾರಿನ ಬೇರೆ ಗಾಡಿಗಳೂ ಇವೆ. ಮರ್ಸಿಡಿಸ್ ಜಿ 580 ಅಮೆರಿಕಕ್ಕೆ 1,61,500ಕ್ಕೆ ಬಂತು. ರಿವಿಯನ್‌ನ ಹೊಸ ನಾಲ್ಕು ಮೋಟಾರಿನ ಆರ್1ಟಿ 1,15,990. ಆದರೆ ಜಿ ವ್ಯಾಗನ್‌ಗೆ ಮೋಟಾರಿಗೆ ಕೊಡೋದಕ್ಕಿಂತ ಹೆಸರಿಗೆ ಕೊಡೋದೇ ಜಾಸ್ತಿ. ಅದನ್ನು ಲೆಕ್ಕಕ್ಕೆ ತಗೋಬೇಡಿ.

ಎರಡನೇ_ಗೇರು
ಚಂದ್ರಿ ಮೇಡಂ, "ಗಂಡಸರು" ಅಂದಿದ್ದಕ್ಕೆ ನನ್ನ ಹೆಂಡತಿ ಪಕ್ಕದಲ್ಲಿ ಕೂತು ನಗ್ತಿದ್ದಾಳೆ. ಈ ಹ್ಯಾಂಡಲ್ ಅವಳದೂ ಹೌದು.

ಬಂದರು_ಕಟ್ಟೆ
ಕಸ್ಟಮ್ಸ್ ಕಾಗದಪತ್ರದ ಕೆಲಸ ಮಾಡೋನು ನಾನು, ಸುಂಕದ ವಿಷಯ ಯಾರೂ ಎತ್ತಿಲ್ಲ ಅಂತ ಬಂದೆ.

ಎಂ3 ಹುಟ್ಟೋದು ಮ್ಯೂನಿಕ್‌ನಲ್ಲಿ. ಆ ಕಾರ್ಖಾನೆ 2027ರ ಕೊನೆಯ ಹೊತ್ತಿಗೆ ಎಲೆಕ್ಟ್ರಿಕ್ ಕಾರು ಮಾತ್ರ ಮಾಡುತ್ತೆ ಅಂತ ಕಂಪನಿ ಹೇಳಿದೆ. ಹಾಗಾಗಿ ಈ ಕಾರೂ ಹಡಗಲ್ಲೇ ಬರುತ್ತೆ ಅಂತ ಹಿಡಿಯೋದು ಸರಿ. ಯುರೋಪಿನ ಕಾರಿಗೆ ಅಮೆರಿಕ ಬಹುಕಾಲ 2.5 ಶೇಕಡಾ ಮಾತ್ರ ಹಾಕ್ತಿತ್ತು. 2025ರ ಏಪ್ರಿಲ್‌ನಲ್ಲಿ ಅದರ ಮೇಲೆ ಇನ್ನೂ 25 ಸೇರಿತು. ಆಮೇಲೆ ಒಪ್ಪಂದ ಆಗಿ ಎಲ್ಲ ಸೇರಿ 15ಕ್ಕೆ ಇಳಿಯಿತು.

ಜನ ಇಲ್ಲಿ ಎಡವ್ತಾರೆ: 15 ಶೇಕಡಾ ಅಂದರೆ ಸ್ಟಿಕರ್ ಬೆಲೆಯ 15 ಅಲ್ಲ. ಸುಂಕ ಬೀಳೋದು ಆಮದು ಮೌಲ್ಯದ ಮೇಲೆ. ಜರ್ಮನಿಯ ತಾಯಿ ಕಂಪನಿ ತನ್ನ ಅಮೆರಿಕದ ಶಾಖೆಗೆ ಎಷ್ಟಕ್ಕೆ ಬಿಲ್ ಮಾಡುತ್ತೋ ಅದು. ಡೀಲರ್ ಲಾಭ, ಜಾಹೀರಾತು, ಒಳನಾಡ ಸಾಗಾಟ ಯಾವುದೂ ಅದರಲ್ಲಿ ಇರಲ್ಲ. ಉದಾಹರಣೆಗೆ 90,000ದ ಕಾರಿನ ಆಮದು ಮೌಲ್ಯ ಅದರ 70 ಶೇಕಡಾ ಅಂದುಕೊಳ್ಳಿ (ಲೆಕ್ಕಕ್ಕೆ ಹಿಡಿದ ಅಂಕಿ ಇದು, ಒಳಗುಟ್ಟಲ್ಲ). 63,000ಕ್ಕೆ 15 ಶೇಕಡಾ ಅಂದರೆ 9,450. ಹಳೇ 2.5ರಲ್ಲಿ 1,575. ವ್ಯತ್ಯಾಸ 7,900ದ ಹತ್ತಿರ. ಇಷ್ಟನ್ನೂ ಒಂದೇ ಕಾರಿನ ಮೇಲೆ ಹಾಕಲ್ಲ, ಕಂಪನಿ ಸ್ವಲ್ಪ ನುಂಗುತ್ತೆ, ಸ್ವಲ್ಪ ಬೇರೆ ಮಾದರಿಗಳ ಮೇಲೆ ಹರಡುತ್ತೆ. ಎಂ ಕಾರು ಕೊಳ್ಳೋನು ಎರಡು ಮೂರು ಸಾವಿರಕ್ಕೆ ಹಿಂದೆ ಸರಿಯೋನಲ್ಲ ಅಂತ ಅವರಿಗೂ ಗೊತ್ತು. ಆದ್ದರಿಂದ ಇಂಥ ಕಾರಿನ ಮೇಲೆಯೇ ಹೆಚ್ಚು ಪಾಲು ಬೀಳೋದು.

ಆರು_ಸಿಲಿಂಡರ್
ಪೆಟ್ರೋಲ್ ಸೆಡಾನ್‌ಗಳಿಗೆ ಗ್ಯಾಸ್ ಗಝ್ಲರ್ ತೆರಿಗೆ ಇದೆಯಲ್ಲ? 1978ರ ಕಾನೂನು, ಗ್ಯಾಲನ್‌ಗೆ 22.5 ಮೈಲಿಗಿಂತ ಕಮ್ಮಿ ಕೊಡೋ ಕಾರಿಗೆ ಸಾವಿರದಿಂದ 7,700 ಡಾಲರ್ ತನಕ. ಎಸ್‌ಯುವಿಗಳಿಗೆ ಇಲ್ಲದ ಶಿಕ್ಷೆ ಸೆಡಾನ್‌ಗೆ. ಎಲೆಕ್ಟ್ರಿಕ್‌ಗೆ ಅದೊಂದು ಉಳಿತಾಯ.

ಬಂದರು_ಕಟ್ಟೆ
ಹೌದು, ಆದರೆ ಅದು ಸ್ಟಿಕರ್ ಮೂಲ ಬೆಲೆಯಲ್ಲಿ ಸೇರಲ್ಲ, ಕೆಳಗೆ ಬೇರೆ ಸಾಲಿನಲ್ಲಿ ಬರುತ್ತೆ. ನಮ್ಮ ಷರತ್ತಿನ ಆಟಕ್ಕೆ ಹೊರಗಿನದು.

ಲೆಕ್ಕದ_ಪುಸ್ತಕ
ಈಗ ನನ್ನ ಪಾಳಿ. ಹಳೇ_ಸ್ಟಿಕರ್ ಅವರ "ಜಾಗದ ಬಾಡಿಗೆ" ಮಾತನ್ನೇ ಮುಂದಕ್ಕೆ ತಗೋತೀನಿ. ಆ ಜಾಗ ಯಾವುದು ಅಂತ ತಿಳಿಯೋಕೆ ಕೆಳಗಿನ ಮೆಟ್ಟಿಲು, ಮೇಲಿನ ಮೆಟ್ಟಿಲು ನೋಡಬೇಕು.

3 ಸೀರೀಸ್‌ನಲ್ಲಿ ಅರೆ-ಎಂ ಅನ್ನಬಹುದಾದ ಎಂ340ಐ ಬಂದಾಗ 54,000, ಎಂ3 69,900. ನಡುವೆ 16,000ದ ಸುತ್ತ, ಅಂದರೆ 30 ಶೇಕಡಾ. 5 ಸೀರೀಸ್‌ನಲ್ಲಿ ಐ5 ಎಂ60 84,100, ಎಂ5 1,19,500. ನಡುವೆ 35,000ಕ್ಕೂ ಮೇಲೆ, 42 ಶೇಕಡಾ. ಅರೆ-ಎಂ ಕಾರಿನಿಂದ ಪೂರ್ತಿ ಎಂ ಕಾರಿಗೆ ಹತ್ತೋಕೆ ಕಂಪನಿ 30ರಿಂದ 40 ಶೇಕಡಾ ಕೇಳುತ್ತೆ ಅಂತಾಯ್ತು. ಈ ಅಂತರ ಇಲ್ಲದಿದ್ದರೆ ಕೆಳಗಿನದನ್ನು ಯಾರೂ ಕೊಳ್ಳಲ್ಲ, ತುಂಬಾ ಆದರೆ ಮೇಲಿನದನ್ನು ಯಾರೂ ಕೊಳ್ಳಲ್ಲ.

ನೊಯೆ ಕ್ಲಾಸೆಯ ಮೊದಲ ಕಾರು ಐಎಕ್ಸ್3 ಅಮೆರಿಕದಲ್ಲಿ 60,000ದ ಆಸುಪಾಸು ಅಂತ ಕಂಪನಿಯೇ ಸೂಚಿಸಿತ್ತು. ಅದು ಎರಡು ಮೋಟಾರಿನ ಎಸ್‌ಯುವಿ. ಅದೇ ಬುನಾದಿಯ ಸೆಡಾನ್‌ನ ಅರೆ-ಎಂ ಆವೃತ್ತಿ 68ರಿಂದ 70 ಸಾವಿರದಲ್ಲಿ ನಿಲ್ಲುತ್ತೆ ಅಂತ ಹಿಡಿದರೆ, ಅದರ ಮೇಲೆ 35 ಶೇಕಡಾ: 92ರಿಂದ 94 ಸಾವಿರ. ಹಳೇ_ಸ್ಟಿಕರ್ ಅವರ 91 ಸಾವಿರಕ್ಕೂ ಇದಕ್ಕೂ ಏನು ದೂರ? ಎರಡು ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಓಣಿಗೆ ಬಂದು ನಿಂತಿದ್ದೀವಿ. ಹಾಗಾಗಿ ನನಗೆ ಧೈರ್ಯ.

ಟಾರ್ಕ್_ತಮ್ಮಯ್ಯ
ನಿಮ್ಮ ಓಣಿ ಚೆನ್ನಾಗಿದೆ, ಆದರೆ ಎದುರಾಳಿಗಳನ್ನು ಯಾಕೆ ಬಿಟ್ಟಿರಿ? 52,990ಕ್ಕೆ ಬಿಡುಗಡೆಯಾದ, ಮೂರು ಸೆಕೆಂಡ್‌ನಲ್ಲಿ ಗಂಟೆಗೆ 60 ಮೈಲಿ ವೇಗ ಮುಟ್ಟೋ ಟೆಸ್ಲಾ ಇದ್ದಾಗ 93,000 ಯಾರು ಕೊಡ್ತಾರೆ?

ಎರಡನೇ_ಗೇರು
ಜಿ80 ಎಂ3 ಕೊಂಡೋರೂ ಅದೇ ಟೆಸ್ಲಾದ ಹಳೇ ಆವೃತ್ತಿ ಪಕ್ಕದಲ್ಲಿರುವಾಗಲೇ ಕೊಂಡರು. ಅವರು ಸೆಕೆಂಡ್ ಕೊಳ್ತಿಲ್ಲ. ಕಾರು ತಿರುವಿನಲ್ಲಿ ಹೇಗೆ ತಿರುಗುತ್ತೆ, ಬ್ರೇಕ್ ಮೂರನೇ ಸುತ್ತಿನಲ್ಲೂ ಹಿಡಿಯುತ್ತಾ, ಅದಕ್ಕೆ ಕೊಡ್ತಾರೆ. ಐಯಾನಿಕ್ 5 ಎನ್ ಮಾತ್ರ ಬೇರೆ ವಿಷಯ. ಎಲೆಕ್ಟ್ರಿಕ್ ಕಾರಿಗೆ ಸುಳ್ಳು ಗೇರು, ಸುಳ್ಳು ಸದ್ದು ಕೊಟ್ಟು ನಗಿಸಬಹುದು ಅಂತ ತೋರಿಸಿದ್ದೇ ಅದು. ಈಗ ಬಿಎಂಡಬ್ಲ್ಯುವೂ ಗೇರ್ ಬದಲಾದ ಅನುಭವ ಕೊಡ್ತೀವಿ ಅಂತಿದೆ. ಅದೇ ಆಟಿಕೆ 66,100ಕ್ಕೆ ಬಂದಿರುವಾಗ ಬರೀ ಆಟಿಕೆಗೆ ಹೆಚ್ಚು ದುಡ್ಡು ಕೇಳೋಕಾಗಲ್ಲ. ಬೆಲೆಯ ನೆಲಗಟ್ಟನ್ನು ಗಟ್ಟಿ ಮಾಡಿದ್ದು ಟೆಸ್ಲಾ ಅಲ್ಲ, ಹ್ಯುಂಡೈ.

ಹಳೇ_ಸ್ಟಿಕರ್
ಬೆಲೆಯ ಛಾವಣಿ ಪೋರ್ಷೆ ಟೈಕಾನ್. 2025ರ ಮಾದರಿಯ ಮೂಲ ಬೆಲೆ 99,400. ಅದು ಒಂದೇ ಮೋಟಾರಿನ ಕಾರು, ಎಂ3 ಅದನ್ನು ಓಡಿಸಿ ಸೋಲಿಸಬಹುದು, ಸರಿ. ಆದರೆ ಷೋರೂಮಿಗೆ ಬಂದವನ ಕಣ್ಣಿಗೆ ಪೋರ್ಷೆ ಲಾಂಛನ ಮೊದಲು ಕಾಣುತ್ತೆ. ಆರಂಭದ ಬೆಲೆ ಆರಂಕಿ ಮುಟ್ಟಿತೋ, "ಇಷ್ಟು ಕೊಟ್ಟಮೇಲೆ ಪೋರ್ಷೆನೇ ತಗೋಬಹುದಿತ್ತು" ಅನ್ನೋ ಮಾತು ಪ್ರತಿ ವಿಮರ್ಶೆಯ ಕೊನೆಯಲ್ಲೂ ಬರುತ್ತೆ. ಬಿಎಂಡಬ್ಲ್ಯು ಆ ವಾಕ್ಯಕ್ಕೆ ಜಾಗ ಕೊಡಲ್ಲ ಅಂತ ನನ್ನ ಎಣಿಕೆ.

ಇನ್ನೊಂದು ಎಚ್ಚರಿಕೆ ಕಣ್ಣೆದುರೇ ಇದೆ. ಮರ್ಸಿಡಿಸ್‌ನ ಎಎಂಜಿ ಸಿ63 ಎಸ್ ಇ ಪರ್ಫಾರ್ಮೆನ್ಸ್. ವಿ8 ತೆಗೆದು ಎರಡು ಲೀಟರಿನ ನಾಲ್ಕು ಸಿಲಿಂಡರ್ ಹೈಬ್ರಿಡ್ ಹಾಕಿದರು. ಎಚ್‌ಪಿ 503ರಿಂದ 671ಕ್ಕೆ ಹಾರಿತು. ಬೆಲೆ 83,900. ಕಾಗದದ ಮೇಲೆ ಎಲ್ಲವೂ ಹೆಚ್ಚಾಗಿತ್ತು, ಹಳೇ ಅಭಿಮಾನಿಗಳು ಮಾತ್ರ ಮುಖ ತಿರುಗಿಸಿದರು. ಎಂಜಿನ್ನಿನ ಸ್ವಭಾವಕ್ಕೂ ಜನ ದುಡ್ಡು ಕೊಡ್ತಿದ್ದರು ಅನ್ನೋದು ಆಗ ಗೊತ್ತಾಯ್ತು.

ಆರು_ಸಿಲಿಂಡರ್
ಅದಕ್ಕೇ ಬಿಎಂಡಬ್ಲ್ಯು ಜಾಣತನ ಮಾಡಿದೆ. ಆರು ಸಿಲಿಂಡರ್ ಪೆಟ್ರೋಲ್ ಎಂ3ನೂ ಮುಂದುವರಿಸ್ತೀವಿ ಅಂದಿದೆ. ಎರಡೂ ಒಟ್ಟೊಟ್ಟಿಗೆ ಇದ್ದರೆ ಬೆಲೆಯೂ ಅಕ್ಕಪಕ್ಕ ಇಡಲೇಬೇಕು. ಎಲೆಕ್ಟ್ರಿಕ್ ತೀರಾ ದುಬಾರಿ ಆದರೆ ನನ್ನಂಥೋರಿಗೆ ನೆಪ ಸಿಕ್ಕಿತು. ತೀರಾ ಅಗ್ಗ ಆದರೆ ಪೆಟ್ರೋಲ್ ಕೊಳ್ಳೋನು ಮೋಸ ಹೋದೆ ಅಂದುಕೊಳ್ತಾನೆ. ಎರಡಕ್ಕೂ ನಡುವೆ ಮೂರು ನಾಲ್ಕು ಸಾವಿರಕ್ಕಿಂತ ಹೆಚ್ಚು ಅಂತರ ಇರಲ್ಲ.

ಕಂತಿನ_ಕಾರು
ಎಲ್ಲರೂ ಸ್ಟಿಕರ್ ಸ್ಟಿಕರ್ ಅಂತಿದ್ದೀರಿ. ಅಮೆರಿಕದಲ್ಲಿ ಇಂಥ ಎಲೆಕ್ಟ್ರಿಕ್ ಕಾರನ್ನು ಪೂರ್ತಿ ದುಡ್ಡು ಕೊಟ್ಟು ಕೊಳ್ಳದೆ ಲೀಸ್‌ಗೆ (ಕೆಲವು ವರ್ಷದ ಬಾಡಿಗೆಗೆ) ತಗೊಳ್ಳೋರು ಬಹಳ. ಅಲ್ಲಿ ತಿಂಗಳ ಕಂತನ್ನು ಗೊತ್ತು ಮಾಡೋದು ಮೂರು ವರ್ಷದ ನಂತರ ಉಳಿಯೋ ಮೌಲ್ಯ.

95,000ದ ಕಾರು, 36 ತಿಂಗಳು, ಮನಿ ಫ್ಯಾಕ್ಟರ್ (ಲೀಸ್‌ನ ಬಡ್ಡಿ ಲೆಕ್ಕದ ಅಂಕಿ) 0.0025 ಅಂತಿಟ್ಟುಕೊಳ್ಳಿ. ಉಳಿಕೆ ಮೌಲ್ಯ 50 ಶೇಕಡಾ ಬರೆದರೆ ಸವಕಳಿ ತಿಂಗಳಿಗೆ 1,319, ಬಡ್ಡಿ 356, ಒಟ್ಟು 1,675. ಅದೇ ಉಳಿಕೆಯನ್ನು 58 ಶೇಕಡಾ ಅಂತ ಬರೆದರೆ 1,108 ಮತ್ತು 375, ಒಟ್ಟು 1,483. ಸ್ಟಿಕರ್ ಒಂದು ಡಾಲರೂ ಕದಲಿಲ್ಲ, ಕಂತು 190 ಇಳಿಯಿತು. ಕಂಪನಿಯ ಸ್ವಂತ ಹಣಕಾಸು ಶಾಖೆಯೇ ಆ ಉಳಿಕೆ ಅಂಕಿ ಬರೆಯೋದು. ಹಾಗಾಗಿ ಮೆಟ್ಟಿಲಿನ ಮರ್ಯಾದೆ ಉಳಿಸೋಕೆ ಸ್ಟಿಕರ್ ಎತ್ತರದಲ್ಲೇ ಇಡ್ತಾರೆ, ರಿಯಾಯಿತಿಯನ್ನು ಲೀಸ್ ಕಾಗದದ ಒಳಗೆ ಬಚ್ಚಿಡ್ತಾರೆ.

ಮೊದಲು ಇದಕ್ಕೆ ಸರ್ಕಾರದ ದುಡ್ಡೂ ಸಿಗ್ತಿತ್ತು. 7,500ರ ಕ್ರೆಡಿಟ್ ನೇರವಾಗಿ ಕೊಳ್ಳೋರಿಗೆ 55,000ಕ್ಕಿಂತ ದುಬಾರಿ ಸೆಡಾನ್‌ಗೆ ಇರಲಿಲ್ಲ, ಲೀಸ್ ದಾರಿಯಲ್ಲಿ ಆ ಮಿತಿ ಇರಲಿಲ್ಲ. 2025ರ ಸೆಪ್ಟೆಂಬರ್ 30ಕ್ಕೆ ಎರಡು ಬಾಗಿಲೂ ಮುಚ್ಚಿದವು. ಇನ್ನು ಕಂಪನಿ ತನ್ನ ಜೇಬಿನಿಂದಲೇ ಕೊಡಬೇಕು. ಆ 7,500ರಲ್ಲಿ ಸ್ವಲ್ಪ ಭಾಗ ಸ್ಟಿಕರ್‌ಗೆ ಮೊದಲೇ ಸೇರಿಸಿರ್ತಾರೆ ಅಂತ ನನ್ನ ಗುಮಾನಿ.

ಚಾರ್ಜರ್_ಚಂದ್ರಿ
ಗುಮಾನಿ ಸರಿ. ಆಯ್ಕೆ ಪಟ್ಟಿಯನ್ನೂ ಮರೀಬೇಡಿ. ಜಿ80 ಬಂದ ಹೊಸದರಲ್ಲಿ ಅದಕ್ಕೆ ಕಾರ್ಬನ್ ಸೆರಾಮಿಕ್ ಬ್ರೇಕ್ 8,150, ಕಾರ್ಬನ್ ಬಕೆಟ್ ಸೀಟು 3,800, ವೇಗದ ಮಿತಿ ಏರಿಸೋ ಡ್ರೈವರ್ಸ್ ಪ್ಯಾಕೇಜ್ 2,500. ಮೂರೇ ಗುರುತು ಹಾಕಿದರೆ 14,450. ಎಲೆಕ್ಟ್ರಿಕ್‌ನಲ್ಲಿ ದಿನನಿತ್ಯದ ಬ್ರೇಕಿಂಗ್‌ನ 98 ಶೇಕಡಾ ಮೋಟಾರೇ ಮಾಡುತ್ತೆ ಅಂತ ಐಎಕ್ಸ್3 ಬಗ್ಗೆ ಹೇಳಿಕೊಂಡಿದ್ದಾರೆ. ರಸ್ತೆಗೆ ಸೆರಾಮಿಕ್ ದಂಡ. ಆದರೂ ಪಟ್ಟಿಯಲ್ಲಿ ಇಟ್ಟೇ ಇಡ್ತಾರೆ, ಚಿನ್ನದ ಬಣ್ಣದ ಕ್ಯಾಲಿಪರ್‌ಗೋಸ್ಕರ ಜನ ತಗೊಂಡೇ ತಗೋತಾರೆ.

ನನ್ನ ಅಂಕಿ 94,500. ಆಯ್ಕೆ ಹಾಕಿಸಿಕೊಂಡು ಷೋರೂಮಿಂದ ಹೊರಗೆ ಬರೋ ಕಾರು ಒಂದು ಲಕ್ಷದ ಎಂಟು ಸಾವಿರದ ಸುತ್ತ.

ಟಾರ್ಕ್_ತಮ್ಮಯ್ಯ
ಎಲ್ಲರೂ ಸೇರಿ ನನ್ನನ್ನು 1,20,000ದಿಂದ ಇಳಿಸಿಬಿಡಬೇಕು ಅಂತ ಹೊರಟಿದ್ದೀರಿ. 1,04,000. ಇದಕ್ಕಿಂತ ಕೆಳಗೆ ಬರಲ್ಲ. ಕಾರಣ: ಮೊದಲ ಎಲೆಕ್ಟ್ರಿಕ್ ಎಂ ಅನ್ನೋ ಪಟ್ಟಕ್ಕೆ ಕಂಪನಿ ದುಡ್ಡು ಕೇಳದೆ ಬಿಡಲ್ಲ.

ಆರು_ಸಿಲಿಂಡರ್
91,900. ಕೊಳ್ಳಲ್ಲ.

ಬಂದರು_ಕಟ್ಟೆ
ಸುಂಕ 15ರಲ್ಲೇ ಇದ್ದರೆ 95,900. ಬದಲಾದರೆ ಹೊಸ ಅಂಕಿ ಕೊಡೋ ಹಕ್ಕು ನನಗಿರಲಿ.

ಲೆಕ್ಕದ_ಪುಸ್ತಕ
ಹಕ್ಕು ಯಾರಿಗೂ ಇಲ್ಲ ಸ್ವಾಮಿ, ಬರೆದದ್ದು ಬರೆದದ್ದು. ನನ್ನದು 93,900, ಸಾಗಾಟ ಬಿಟ್ಟು.

ಹಳೇ_ಸ್ಟಿಕರ್
ನನ್ನದು 92,900. ಆದರೆ ಒಂದು ಮಾತು ಈಗಲೇ ತೀರ್ಮಾನ ಆಗಲಿ. ಜಿ80 ಬಂದಾಗ ಮೂಲ ಆವೃತ್ತಿ, ಕಾಂಪಿಟಿಷನ್ ಅಂತ ಎರಡು ಇತ್ತು, ನಡುವೆ 2,900 ವ್ಯತ್ಯಾಸ. ಎಕ್ಸ್‌ಡ್ರೈವ್ ಆಮೇಲೆ ಬಂತು, ಅದಕ್ಕೆ ಇನ್ನೂ 4,100. ಇದನ್ನೂ ಹಾಗೆ ಎರಡು ಆವೃತ್ತಿಯಲ್ಲಿ ತಂದರೆ, ಅಥವಾ ದುಬಾರಿ ಆವೃತ್ತಿಯನ್ನೇ ಮೊದಲು ಇಳಿಸಿ ಅಗ್ಗದ್ದನ್ನು ವರ್ಷ ಬಿಟ್ಟು ತಂದರೆ, ನಾವು ಯಾವುದರ ಬೆಲೆ ಹಿಡಿಯೋದು?

ಲೆಕ್ಕದ_ಪುಸ್ತಕ
ಮೊದಲ ದಿನದ ಪ್ರಕಟಣೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಅಂಕಿ ಯಾವುದೋ ಅದು. ಅಗ್ಗದ್ದು ಆಮೇಲೆ ಬಂದರೂ ಲೆಕ್ಕಕ್ಕಿಲ್ಲ.

ಟಾರ್ಕ್_ತಮ್ಮಯ್ಯ
ದುಬಾರಿ ಆವೃತ್ತಿಯೇ ಮೊದಲು ಬರಲಿ ಅಂತ ನಾನು ಈಗಿನಿಂದಲೇ ಕಾಯ್ತಿದ್ದೀನಿ.